ನಲವತ್ತಾಯ್ತು, ಯಾವ ಮಾತ್ರೆ ನುಂಗಲಿ?

ಪ್ರಶ್ನೆ ಯಾವಾಗಲೂ ‘ನಮ್ಮ ಫ್ರೆಂಡ್ ಒಬ್ಬರಿಗೆ...’ ಅಂತಲೇ ಶುರುವಾಗುತ್ತದೆ. ಆ ಫ್ರೆಂಡಿಗೆ ನಲವತ್ತು ದಾಟಿದೆ, ವೃಷಣದ ಮೈಟೊಕಾಂಡ್ರಿಯ (ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಅಂಗ) ಸೊರಗಿದೆಯಂತೆ, ಯಾವ ಮಾತ್ರೆ ಒಳ್ಳೇದು? ಉತ್ತರ ಇಲ್ಲಿದೆ. ಇನ್ನು ಫೋನ್ ಬೇಡ.

ಸೊರಗುವುದು ನಿಜ. ಆದರೆ ಅಲ್ಲಿ ಮೈಟೊಕಾಂಡ್ರಿಯಕ್ಕೆ ಎಟಿಪಿ ಎಂಬ ಶಕ್ತಿಯ ಅಣು ತಯಾರಿಸುವುದೊಂದೇ ಕೆಲಸವಲ್ಲ. ವೃಷಣದ ಲೇಡಿಗ್ ಕೋಶಗಳಲ್ಲಿ ಗಂಡುಹಾರ್ಮೋನು ಟೆಸ್ಟೋಸ್ಟೆರಾನ್ ತಯಾರಿ ಶುರುವಾಗುವುದೇ ಅದರೊಳಗೆ. ಸ್ಟಾರ್ ಎಂಬ ಪ್ರೋಟೀನು ಕೊಲೆಸ್ಟರಾಲನ್ನು ಒಳಪೊರೆಗೆ ದಾಟಿಸಬೇಕು, ಅಲ್ಲಿ ಅದು ಟೆಸ್ಟೋಸ್ಟೆರಾನಿನ ಕಚ್ಚಾರೂಪವಾದ ಪ್ರೆಗ್ನೆನಲೋನ್ ಆಗಬೇಕು. ಮುದಿ ಇಲಿಗಳಲ್ಲಿ ನೋಡಿದರೆ ಈ ಸಾಗಣೆಯೇ ಕುಂಟುತ್ತದೆ. ಟೆಸ್ಟೋಸ್ಟೆರಾನ್ ತಯಾರಿಸು ಎಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಹಾರ್ಮೋನು ಬಂದು ತಟ್ಟಿದರೂ ಕೋಶ ಮೊದಲಿನಂತೆ ಓಗೊಡುವುದಿಲ್ಲ. ಹಾಗಂತ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವ ಜಾಣರಿದ್ದಾರೆ. ಮಗು ಬೇಕೆನ್ನುವವರು ಅದರ ತಂಟೆಗೇ ಹೋಗಬಾರದು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂತೆಂದರೆ ಪಿಟ್ಯುಟರಿ ಎಲ್‌ಎಚ್, ವೀರ್ಯಾಣು ತಯಾರಿಗೆ ಬೇಕಾದ ಎಫ್‌ಎಸ್‌ಎಚ್ ಹಾರ್ಮೋನು ಎರಡನ್ನೂ ತಗ್ಗಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು.

ವೀರ್ಯಾಣುವಿನ ಪಾಡು ಬೇರೆ. ಅದರ ನಡುಭಾಗದಲ್ಲಿ ಸುರುಳಿಯಾಗಿ ಸುತ್ತಿಕೊಂಡ ಕೆಲವು ಡಜನ್ ಮೈಟೊಕಾಂಡ್ರಿಯ, ಬಾಲದುದ್ದಕ್ಕೂ ಗ್ಲೈಕಾಲಿಸಿಸ್, ಅಂದರೆ ಸಕ್ಕರೆ ಒಡೆದು ಶಕ್ತಿ ಪಡೆಯುವ ಕ್ರಿಯೆ. ಸೈಟೋಪ್ಲಾಸಂ (ಕೋಶದೊಳಗಿನ ದ್ರವ) ಹೆಚ್ಚುಕಮ್ಮಿ ಉದುರಿಹೋಗಿರುವುದರಿಂದ ರಕ್ಷಣೆಯ ಕಿಣ್ವಗಳೂ ಕಡಿಮೆ, ರಿಪೇರಿಯಂತೂ ದೂರದ ಮಾತು. ಮೈಟೊಕಾಂಡ್ರಿಯ ಶಕ್ತಿ ತಯಾರಿಸಲು ಬಳಸುವ ಎಲೆಕ್ಟ್ರಾನ್ ಸರಪಳಿಯಿಂದ ಸೋರಿದ, ಥಟ್ಟನೆ ಪ್ರತಿಕ್ರಿಯಿಸುವ ರ್‍ಯಾಡಿಕಲ್‌ಗಳು ಪೊರೆಯ ಕೊಬ್ಬನ್ನೂ ಡಿಎನ್‌ಎಯನ್ನೂ ಕೆಡಿಸುತ್ತವೆ. ವಯಸ್ಸಾದವರ ವರದಿಯಲ್ಲಿ ಸಂಖ್ಯೆಗಿಂತ ಚಲನೆ ಕುಗ್ಗಿದ್ದೇ ಎದ್ದು ಕಾಣುವುದು ಇದಕ್ಕೇ. ಅಂದಹಾಗೆ, ಈ ಮುದಿ ಮೈಟೊಕಾಂಡ್ರಿಯ ಮಗುವಿಗೆ ಹೋಗುವುದಿಲ್ಲ. ಅಂಡ ಅವನ್ನು ನಾಶಮಾಡುತ್ತದೆ.

ಮಾತ್ರೆ? ಕೋ-ಕ್ಯೂ-ಟೆನ್ ಆ ಸರಪಳಿಯ ಒಂದು ಕೊಂಡಿ ಹೌದು, ಚಲನೆ ತುಸು ಏರಿದ ಸಣ್ಣ ಅಧ್ಯಯನಗಳೂ ಇವೆ. ಆದರೆ ಚಲನೆ ಏರಿತೆಂದರೆ ಮಗು ಆಯಿತೆಂದಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಟ್ರಯಲಿನಲ್ಲಿ ಗಂಡಸರಿಗೆ ಆರು ತಿಂಗಳು ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್, 30 ಮಿಲಿಗ್ರಾಂ ಸತು ಕೊಟ್ಟರು. ಹೆರಿಗೆ ಹೆಚ್ಚಲಿಲ್ಲ. ಡಿಎನ್‌ಎ ತುಂಡಾಗುವುದು ಮಾತ್ರ ಸ್ವಲ್ಪ ಹೆಚ್ಚಿತು!

ಯಾರೂ ಕೇಳದ ಪ್ರಶ್ನೆ: ಪರೀಕ್ಷೆ ಹೇಗೆ ಮಾಡಿಸಬೇಕು? ವೀರ್ಯಾಣು ತಯಾರಾಗಲು ಸುಮಾರು 74 ದಿನ, ವೃಷಣದ ಹಿಂದಿನ ಸುರುಳಿ ನಾಳವಾದ ಎಪಿಡಿಡಿಮಿಸ್ ದಾಟಲು ಮತ್ತಷ್ಟು. ಎರಡು ತಿಂಗಳ ಹಿಂದಿನ ಜ್ವರ ಇಂದಿನ ವರದಿಯಲ್ಲಿ ಕಾಣಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಟ್ಟು ಚಲನೆಯ (ಅಲುಗಾಡುವ ವೀರ್ಯಾಣುಗಳ ಪಾಲು) ಕೆಳಮಿತಿ 42 ಶೇಕಡಾ. ಒಮ್ಮೆ ಅದಕ್ಕಿಂತ ಕಡಿಮೆ ಬಂತೆಂದು ಔಷಧಿ ಅಂಗಡಿಗೆ ಓಡಬೇಡಿ, ಮತ್ತೊಮ್ಮೆ ಮಾಡಿಸಿ. ಪ್ರತಿ ಸಲವೂ, ಕೊನೆಯ ವೀರ್ಯಸ್ಖಲನದ ನಂತರ ಎರಡರಿಂದ ಏಳು ದಿನ ಬಿಟ್ಟು ಸ್ಯಾಂಪಲ್ ಕೊಡಿ. ಮನೆಯಿಂದ ಒಯ್ಯುವುದಾದರೆ ಫ್ರಿಜ್ಜಿನಲ್ಲಿಡದೆ, ಒಂದು ಗಂಟೆಯೊಳಗೆ ತಲುಪಿಸಿ. ಮೊದಲ ಹನಿಗಳು ಚೆಲ್ಲಿದರೆ ಲ್ಯಾಬಿನವರಿಗೆ ನಾಚದೆ ಹೇಳಿ: ಹೆಚ್ಚಿನ ವೀರ್ಯಾಣುಗಳು ಇರುವುದು ಅದರಲ್ಲೇ.