ಭಾವಚಿತ್ರ ಶಿಬಿರದ ದಿನಚರಿ: ಚಷ್ಮಾದೊಳಗಿನ ಹಾಲು

ನಿನ್ನೆ ಹುಬ್ಬಳ್ಳಿಯ ಉಣಕಲ್ಲಿನ ಶಿಬಿರದಲ್ಲಿ 47 ಮಂದಿ ಕೂತರು. ಅದರಲ್ಲಿ ಚಷ್ಮಾದವರು 29. ರಾತ್ರಿ ಮನೆಗೆ ಬಂದು, ಕೈಕಾಲು ತೊಳೆಯುವ ಮೊದಲೇ, 29 ಫೈಲುಗಳನ್ನೂ ನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡಿದೆ. ಒಂದರಲ್ಲೂ ಹಾಲಿಲ್ಲ, ಅಂದರೆ ಗಾಜಿನಲ್ಲಿ ಆ ಹಾಲಿನಂಥ ಬಿಳುಪಿಲ್ಲ. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಮುಂಜಾನೆ ಹೇಳ್ರಿ" ಅಂತ ಮಗ್ಗಲು ಬದಲಿಸಿದಳು. ಈ ಖುಷಿ ಅರ್ಥವಾಗಬೇಕಾದರೆ ಎರಡು ತಿಂಗಳು ಒದ್ದಾಡಿರಬೇಕು.

ನಮ್ಮ ಏರ್ಪಾಡು ಹಳೆಯದೇ. ಹಿರಿಯರು ಬಂದು ಕೂಡುತ್ತಾರೆ, ನಾವು ನಾಲ್ಕು ಜನ ಹವ್ಯಾಸಿಗಳು ಫೋಟೋ ತೆಗೆದು ದೊಡ್ಡ ಪ್ರಿಂಟ್ ಕೊಡುತ್ತೇವೆ, ಅವರು ಡಬ್ಬಿಗೆ ತಮಗೆ ತಿಳಿದಷ್ಟು ಹಾಕುತ್ತಾರೆ. ಪ್ರಿಂಟಿನ ಖರ್ಚು ನಮ್ಮ ಕಿಸೆಯದು, ಡಬ್ಬಿ ಪೂರಾ ದಾನಕ್ಕೆ. ಧಾರವಾಡದ ಮಾಳಮಡ್ಡಿಯ ಮೊದಲ ಶಿಬಿರದ್ದು ಒಂದು ವೃದ್ಧಾಶ್ರಮದ ಔಷಧಿ ಬಾಕಿಗೆ ಹೋಯಿತು. ನಿನ್ನೆಯದು ಅದೇ ವೃದ್ಧಾಶ್ರಮಕ್ಕೂ ಒಂದು ಹಾಸ್ಟೆಲ್ಲಿನ ಹುಡುಗರ ಚಷ್ಮಾಕ್ಕೂ ಅರ್ಧರ್ಧ. ಲೈಟು, ಸ್ಟ್ಯಾಂಡು, 85 ಎಂಎಂ ಲೆನ್ಸು, ಎಲ್ಲ ನಿಮಗೆ ಗೊತ್ತಿದ್ದದ್ದೇ, ಹೇಳುತ್ತಾ ಕೂಡುವುದಿಲ್ಲ. ಹಿನ್ನೆಲೆಗೆ ಮಾತ್ರ ಈ ಸಲ ಹುಬ್ಬಳ್ಳಿಯ ಬೆಂಗೇರಿಯಿಂದ ದಪ್ಪ ಖಾದಿ ತಂದು ಮನೆಯಲ್ಲೇ ಬೂದು ಬಣ್ಣ ಹಾಕಿದೆ. ರಾಷ್ಟ್ರಧ್ವಜ ತಯಾರಾಗುವ ಊರಿನ ಬಟ್ಟೆ, ಸುಕ್ಕು ಬಿದ್ದರೂ ಗತ್ತು ಬಿಡುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದ 'ಸುಕ್ಕುರಹಿತ' ಪರದೆ ಮಡಚಿಕೊಂಡು ಬಂದ ದಿನದಿಂದ ಇವತ್ತಿನವರೆಗೂ ಚೆಸ್ ಬೋರ್ಡಿನ ಹಾಗೇ ಇದೆ.

ಈಗ ಆ ಹಾಲಿನ ಕಥೆ.

ಮಾಳಮಡ್ಡಿಯಲ್ಲಿ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತ್ತು. ಮನೆಗೆ ಬಂದು ನೋಡಿದರೆ ಅಜ್ಜಂದಿರ ಚಷ್ಮಾದ ಕೆಳಗಿನ ಅರ್ಧಕ್ಕೆ ತೆಳ್ಳಗೆ ಹಾಲು ಚೆಲ್ಲಿದ ಹಾಗೆ ಬಿಳುಪು. ಲೈಟಿಗೆ ಹಚ್ಚುವ ಸಾಫ್ಟ್‌ಬಾಕ್ಸಿನ ಚೌಕ ಗಾಜಿನ ಮೇಲೆ ಬಿದ್ದಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ, ಅದು ಎಲ್ಲರಿಗೂ ಆಗುವ ಪಾಪ. ಇದಕ್ಕೆ ಆಕಾರವೇ ಇಲ್ಲ. ಕಣ್ಣಿನ ಕೆಳರೆಪ್ಪೆ ಮಂಜಿನೊಳಗೆ ಹೋದ ಹಾಗೆ. ಕಾಂಟ್ರಾಸ್ಟ್ ಏರಿಸಿದರೆ ಕೆನ್ನೆ ಕಪ್ಪಾಗುತ್ತದೆ, ಮಂಜು ತೆಗೆಯುವ ಡೀಹೇಜ಼್ ಎಳೆದರೆ ಅಜ್ಜನ ಕಣ್ಣು ಸಿನಿಮಾದ ಖಳನಾಯಕನದಾಗುತ್ತದೆ.

ಇನ್ನೂ ವಿಚಿತ್ರವೆಂದರೆ ಅಜ್ಜಿಯರಲ್ಲಿ ಹೆಚ್ಚಿನವರಿಗೆ ಇದು ಇರಲಿಲ್ಲ. ಅದೇ ಲೈಟು, ಅದೇ ಕುರ್ಚಿ, ಅದೇ ಬಗೆಯ ಚಷ್ಮಾ. "ಗಂಡಸರು ಚಷ್ಮಾ ಒರಸೂದ ಇಲ್ಲ ಬಿಡ್ರಿ" ಅಂದಳು ಹೆಂಡತಿ, ನನ್ನ ಚಷ್ಮಾ ನೋಡುತ್ತಲೇ. ನಾನೂ ಒಂದು ವಾರ ಅದನ್ನೇ ನಂಬಿದ್ದೆ. ಮೈಕ್ರೋಫೈಬರ್ ಬಟ್ಟೆ ಒಂದು ಡಜನ್ ತಂದಿಟ್ಟೆ.

ಮೊದಲು ಲೈಟಿನ ಮೇಲೆ ಅನುಮಾನ. ಲೈಟ್ ಎತ್ತರಿಸು, ಗದ್ದ ಇಳಿಸು, ಕಿವಿಯ ಹತ್ತಿರ ಚಷ್ಮಾದ ಕಡ್ಡಿ ಒಂದು ಬೆರಳು ಮೇಲೆತ್ತು. ಎಲ್ಲರೂ ಹೇಳುವ ಮಂತ್ರ ಇದೇ. ನಮ್ಮ ಕಡೆ ಈ ಮಂತ್ರಕ್ಕೆ ಒಂದು ಅಡ್ಡಿ ಇದೆ: ತಲೆಗೆ ಸುತ್ತುವ ಪಟಗಾ. ಲೈಟ್ ಎತ್ತರಕ್ಕೆ ಹೋಯಿತೋ, ಪಟಗಾದ ಸುತ್ತಿನ ನೆರಳು ನೇರ ಕಣ್ಣಿನ ಮೇಲೆ. ಪಟಗಾ ಹಿಂದೆ ಸರಿಸಿ ಅಂತ ಹೇಳುವ ಧೈರ್ಯ ನನಗಿಲ್ಲ. ಒಬ್ಬ ಅಜ್ಜನಿಗೆ ಹೇಳಿ ನೋಡಿದ್ದೆ. "ಲಗ್ನದಾಗೂ ಸರಿಸಿಲ್ಲ" ಅಂದ. ಕೊನೆಗೆ ಲೈಟ್ ಅಲ್ಲೇ ಬಿಟ್ಟು ಗದ್ದವನ್ನೇ ಇನ್ನಷ್ಟು ಇಳಿಸಿದೆ. ಹಾಲು ಹೆಚ್ಚಾಯಿತು! ಅಲ್ಲೇ ತಲೆ ಓಡಬೇಕಿತ್ತು, ಓಡಲಿಲ್ಲ.

ಆಮೇಲೆ ಪೋಲರೈಜ಼ರ್ ಹುಚ್ಚು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಜರಡಿ ಅದು. ಫ್ಲ್ಯಾಶಿಗೆ ಪೋಲರೈಜ಼ಿಂಗ್ ಫಿಲ್ಮ್, ಲೆನ್ಸಿಗೆ ಸಿಪಿಎಲ್ ಅನ್ನುವ ಅಂಥದ್ದೇ ಫಿಲ್ಟರು, ಅಡ್ಡ ತಿರುಗಿಸಿದರೆ ಹೊಳಪೆಲ್ಲ ಮಾಯ. ಫಿಲ್ಮ್ ತರಿಸಲು ಹೋಗಿ ಮೂರು ವಾರ ಹೋಯಿತು. ಮೊದಲ ಅಂಗಡಿಯವನು ಕಳಿಸಿದ್ದು ಮೊಬೈಲ್ ಡಿಸ್‌ಪ್ಲೇ ರಿಪೇರಿಯ ಅಂಟುಫಿಲ್ಮ್, ಅದೂ ಗೀರುಬಿದ್ದದ್ದು. ವಾಪಸ್ ಮಾಡಿದರೆ "ಸರ್, ಪೋಲರೈಜ಼ರ್ ಪೋಲರೈಜ಼ರೇ ಅಲ್ಲವಾ" ಅಂತ ತತ್ವಜ್ಞಾನ. ಎರಡನೆಯವನು ಸರಿಯಾದದ್ದನ್ನೇ ಕಳಿಸಿದ, ಆದರೆ ಸುರುಳಿ ಸುತ್ತಿ, ನಡುವೆ ಮಡಿಕೆ ಬೀಳಿಸಿ. ಮಡಿಕೆ ಬಿಟ್ಟು ಕತ್ತರಿಸಿ ಹಚ್ಚಿದೆ.

ಫಿಲ್ಮು, ಫಿಲ್ಟರು ಸೇರಿ ಸುಮಾರು ಮೂರು ಸ್ಟಾಪ್ ಬೆಳಕು, ಅಂದರೆ ಎಂಟರಲ್ಲಿ ಏಳು ಪಾಲು, ನುಂಗಿದವು. ಫ್ಲ್ಯಾಶ್ ಪೂರ್ತಿ ಪವರಿನಲ್ಲಿ ಬಡಿಯಿತು, ಕೂತ ನಮ್ಮ ಪಕ್ಕದ ಮನೆ ಕಾಕಾ ಕಣ್ಣು ಮುಚ್ಚಿಕೊಂಡ. ಚಷ್ಮಾದ ಮೇಲಿನ ನೇರ ಹೊಳಪು ನಿಜಕ್ಕೂ ಹೋಗಿತ್ತು. ಅದರ ಜೊತೆ ಕಣ್ಣೊಳಗಿನ ಮಿಂಚೂ ಹೋಯಿತು, ಹಣೆಯ ಹೊಳಪೂ ಹೋಯಿತು. ಕಾಕಾ ಮಣ್ಣಿನ ಗೊಂಬೆಯ ಹಾಗೆ ಕಂಡ. ಪ್ಲಾಸ್ಟಿಕ್ ಗಾಜಿನ ಅಂಚಿನಲ್ಲಿ ಎಣ್ಣೆ ಬಿದ್ದ ನೀರಿನ ಹಾಗೆ ಕಾಮನಬಿಲ್ಲಿನ ಬಣ್ಣ ಬೇರೆ. ಫ್ರೇಮಿಗೆ ಕೂಡಿಸುವಾಗ ಗಾಜಿನ ಮೇಲೆ ಬಿದ್ದ ಒತ್ತಡ ಹಾಗೆ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೂ ಹಾಲು? ಇದ್ದಲ್ಲೇ ಇತ್ತು.

ಫಿಲ್ಮನ್ನು ಮೂಲೆಗೆ ಎಸೆದೆ. ಇಡೀ ಪ್ರಕರಣದ ದೊಡ್ಡ ಸಾಕ್ಷಿ ಅದೇ ಆಗಿತ್ತು ಅಂತ ಆಗ ಹೊಳೆಯಲಿಲ್ಲ. ಫ್ಲ್ಯಾಶಿನಿಂದ ನೇರ ಬಂದ ಹೊಳಪಾಗಿದ್ದರೆ ಅಳಿಸಿಹೋಗಬೇಕಿತ್ತು. ಅಳಿಸಲಿಲ್ಲ ಅಂದರೆ ಆ ಬೆಳಕು ಮೊದಲು ಯಾವುದೋ ಒರಟು ಮೈಗೆ ಬಡಿದು, ಚದುರಿ, ಆ ಒಂದೇ ದಿಕ್ಕಿನ ಕಂಪನ ಕಳೆದುಕೊಂಡು, ಆಮೇಲೆ ಗಾಜಿಗೆ ಬರುತ್ತಿದೆ.

ಚಷ್ಮಾ ಹಾಕಿ ಒಂದು, ತೆಗೆದು ಒಂದು, ಎರಡನ್ನೂ ಕೂಡಿಸುವ ಉಪಾಯವನ್ನೂ ನೋಡಿದೆ. ಚಷ್ಮಾ ತೆಗೆದ ಅಜ್ಜಿಗೆ ಕ್ಯಾಮೆರಾವೇ ಕಾಣುವುದಿಲ್ಲ. "ಎಲ್ಲಿ ನೋಡ್ಲೋ ತಮ್ಮಾ?" ಅಂತ ಗೋಡೆಯ ಕ್ಯಾಲೆಂಡರಿಗೆ ನಕ್ಕಳು. ಮೇಲಾಗಿ, ದಪ್ಪ ಪ್ಲಸ್ ಗಾಜು ಕಣ್ಣನ್ನು ದೊಡ್ಡದು ಮಾಡಿ ತೋರಿಸುತ್ತದೆ. ಬರಿಗಣ್ಣನ್ನು ತಂದು ಚಷ್ಮಾದೊಳಗೆ ಅಂಟಿಸಿದರೆ ಅಜ್ಜಿ ಬೇರೆ ಯಾರೋ ಆಗುತ್ತಾಳೆ. ಮೊಮ್ಮಕ್ಕಳಿಗೆ ಗೊತ್ತಿರುವುದು ಆ ದೊಡ್ಡ ಕಣ್ಣಿನ ಅಜ್ಜಿ.

ನಡುವೆ ಒಂದು ಮಾತು. ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಗ್ರೇ ಚಷ್ಮಾದವರನ್ನು ಬಿಸಿಲಲ್ಲಿ ಸಾಲು ನಿಲ್ಲಿಸಬೇಡಿ. ಮಾಳಮಡ್ಡಿಯಲ್ಲಿ ಚಳಿ ಇತ್ತು, ಎಲ್ಲರೂ ಅಂಗಳದ ಬಿಸಿಲಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು, ಒಳಗೆ ಬರುವಾಗ ಒಬ್ಬೊಬ್ಬರೂ ಕಪ್ಪು ಕನ್ನಡಕದ ಡಾನ್. ಥಂಡಿಯಲ್ಲಿ ಆ ಗಾಜು ಹೆಚ್ಚು ಕಪ್ಪಾಗುತ್ತದೆ, ತಿಳಿಯಾಗಲು ಹೆಚ್ಚು ಹೊತ್ತನ್ನೂ ತಿನ್ನುತ್ತದೆ. ಈಗ ಅವರಿಗೆ ಬೇರೆ ಚೀಟಿ, ಒಳಗೆ ನೆರಳಲ್ಲಿ ಬೇರೆ ಬೆಂಚು.

ಹಾಲು ಎಲ್ಲಿಂದ ಅಂತ ಗೊತ್ತಾಗಿದ್ದು ಉಣಕಲ್ಲಿಗೆ ಹತ್ತು ದಿನ ಮುಂಚೆ. ಒಬ್ಬ ಅಜ್ಜನ ಎಡಗಣ್ಣನ್ನು ನಾಲ್ಕುನೂರು ಪರ್ಸೆಂಟಿಗೆ ಹಿಗ್ಗಿಸಿ, ಒಂದೊಂದೇ ಪಿಕ್ಸೆಲ್ ತೊಳೆಯುವ ಹಟದಲ್ಲಿ ಕೂತಿದ್ದೆ. ಆ ಬಿಳುಪಿನ ನಡುವೆ ಒಂದು ಕೆಂಪು ಗೆರೆ. ಕೂದಲೆಳೆಯಷ್ಟು, ಓರೆಯಾಗಿ. ಮೊದಲು ಕಣ್ಣಿನ ನರ ಅಂದುಕೊಂಡೆ. ಬಲಗಣ್ಣಿನ ಗಾಜಿನಲ್ಲೂ ಅದೇ ಗೆರೆ, ಅದೇ ಓರೆ. ಗೆರೆಯ ಪಕ್ಕದಲ್ಲಿ ಕಂದು ಬಣ್ಣದ ಐದು ಚುಕ್ಕೆ. ಬೆರಳು! ಅಜ್ಜನ ಬೆರಳು, ತೊಡೆಯ ಮೇಲೆ. ಕೆಂಪು ಗೆರೆ ಧೋತರದ ಅಂಚು.

ಹಾಲು ಅಂದರೆ ಧೋತರ. ಅಜ್ಜನ ಚಷ್ಮಾದಲ್ಲಿ ಅಜ್ಜನದೇ ತೊಡೆ ಕಾಣುತ್ತಿತ್ತು. ಇಳಕಲ್ ಸೀರೆ ಉಟ್ಟ ಅಜ್ಜಿಯರಿಗೆ ಹಾಲಿರಲಿಲ್ಲ, ಬಿಳಿ ಸೀರೆಯ ಇಬ್ಬರಿಗೆ ಇತ್ತು. ಪಟ್ಟಿ ಹಾಕಿದೆ, ಒಂದೂ ತಪ್ಪಲಿಲ್ಲ. ಗಂಡಸರ ಮರ್ಯಾದೆ ಉಳಿಯಿತು.

ಲೆಕ್ಕ ಸರಳ. ಚಷ್ಮಾದ ಗಾಜು ನೆಟ್ಟಗೆ ನಿಂತಿರುವುದಿಲ್ಲ, ಕೆಳಗಿನ ಅಂಚು ಕೆನ್ನೆಯ ಕಡೆಗೆ ಬಾಗಿರುತ್ತದೆ, ಹೆಚ್ಚೂಕಡಿಮೆ 10 ಡಿಗ್ರಿ. ಅಂದರೆ ಗಾಜು ನೋಡುವುದು ಸ್ವಲ್ಪ ನೆಲದ ಕಡೆಗೆ. ನಾನು ಗದ್ದ ಇಳಿಸಿ ಅಂದಾಗ ಇನ್ನೊಂದು 15 ಸೇರಿತು, ಒಟ್ಟು 25. ಕನ್ನಡಿ ಎಷ್ಟು ಬಾಗಿದರೆ ಪ್ರತಿಬಿಂಬ ಅದರ ಎರಡರಷ್ಟು ಬಾಗುತ್ತದಲ್ಲ, 50 ಡಿಗ್ರಿ ಕೆಳಗೆ. ಕುರ್ಚಿಯಲ್ಲಿ ಕೂತವನ ಕಣ್ಣಿನಿಂದ 50 ಡಿಗ್ರಿ ಕೆಳಗೆ ಗೆರೆ ಎಳೆದರೆ ಸರಿಯಾಗಿ ಮೊಣಕಾಲು. ಕಡ್ಡಿ ಮೇಲೆತ್ತಿದರೆ ಇನ್ನೂ ಒಳಗೆ, ತೊಡೆಯ ಮೇಲೇ. ಲೈಟನ್ನು ತಪ್ಪಿಸಲು ಮಾಡಿದ ಪ್ರತಿಯೊಂದು ಉಪಾಯವೂ ಧೋತರವನ್ನು ಕರೆದು ತಂದು ಗಾಜಿನೊಳಗೆ ಕೂಡಿಸುತ್ತಿತ್ತು.

ಮದ್ದು ಮನೆಯ ಅಟ್ಟದ ಮೇಲಿತ್ತು: ಮಾವನವರು ಕೊಟ್ಟ ಮೆಡ್ಲೇರಿ ಊರಿನ ಕಂಬಳಿ. ಕರಿ ಕುರಿಯ ಉಣ್ಣೆ, ಸಾವಿರಾರು ರೂಪಾಯಿಯ ಕರಿ ವೆಲ್ವೆಟ್ ಅದರ ಮುಂದೆ ಏನೂ ಅಲ್ಲ, ಬಿದ್ದ ಬೆಳಕನ್ನೆಲ್ಲ ಕುಡಿದುಬಿಡುತ್ತದೆ. ಕಾಕಾನ ತೊಡೆಗೆ ಹೊದಿಸಿ ಒಂದು ತೆಗೆದೆ. ಗಾಜು ಇಲ್ಲವೇ ಇಲ್ಲ ಅನ್ನುವಷ್ಟು ತಿಳಿ. ಆದರೆ ಗದ್ದದ ಕೆಳಗೆ, ಕಣ್ಣಿನ ಗುಳಿಯಲ್ಲಿ ಕತ್ತಲೆ ಹೊಕ್ಕಿತ್ತು. ಧೋತರ ಇಷ್ಟು ದಿನ ಪುಕ್ಕಟೆ ರಿಫ್ಲೆಕ್ಟರಾಗಿ ದುಡಿಯುತ್ತಿತ್ತಲ್ಲ! ಅದರ ಬದಲಿಗೆ ಲೈಟಿನ ಎದುರು ಮಗ್ಗುಲಲ್ಲಿ, ಕಿವಿಯ ಮಟ್ಟಕ್ಕೆ, ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿದೆ. ಪಕ್ಕದಲ್ಲಿರುವುದನ್ನು ಗಾಜು ಕ್ಯಾಮೆರಾಕ್ಕೆ ತೋರಿಸುವುದಿಲ್ಲ. ಪಟಗಾದ ನೆರಳೂ ತೆಳುವಾಯಿತು. ಥರ್ಮಾಕೋಲಿಗೆ 60 ರೂಪಾಯಿ. ಪೋಲರೈಜ಼ರಿನ ರೇಟು ಹೇಳುವುದಿಲ್ಲ, ಇದನ್ನು ಹೆಂಡತಿಯೂ ಓದುತ್ತಾಳೆ.

ನಿನ್ನೆ ಸ್ಟ್ಯಾಂಡಿನ ಚೀಲ, ಥರ್ಮಾಕೋಲು, ಕಂಬಳಿ ಹೊತ್ತುಕೊಂಡು ಚಿಗರಿ ಬಸ್ ಹತ್ತಿದಾಗ ಒಬ್ಬರು "ಯಾವ ಊರಿನ ನಾಟಕ್ರಿ?" ಅಂತ ಕೇಳಿದರು. ಶಿಬಿರದಲ್ಲಿ ಎಲ್ಲರದೂ ಒಂದೇ ಪ್ರಶ್ನೆ, "ಥಂಡಿ ಇಲ್ಲಲ್ಲೋ, ಕಂಬಳಿ ಯಾಕ?" ಆರನೆಯವರ ಹೊತ್ತಿಗೆ ವಿವರಿಸುವುದು ಬಿಟ್ಟು "ಪದ್ಧತಿರೀ" ಅಂದೆ, ಯಾರೂ ಮತ್ತೆ ಕೇಳಲಿಲ್ಲ. ಇಬ್ಬರು ಅದನ್ನು ಹೆಗಲಿಗೇ ಹಾಕಿಕೊಂಡು ತೆಗೆಸಿಕೊಂಡರು, ಆ ಎರಡೇ ನಿನ್ನೆಯ ಒಳ್ಳೆಯ ಚಿತ್ರಗಳು. ಒಬ್ಬ ಅಜ್ಜ ನೆಟ್ಟಗೆ ಕೂತು, "ಹಾರಕ್ಕ ಜಾಗಾ ಬಿಟ್ಟು ತಗೀಪಾ" ಅಂದ. ನಾನು ಮಾತು ಹುಡುಕುವಷ್ಟರಲ್ಲಿ ಡಬ್ಬಿಯ ಪಕ್ಕದ ಪೇಮೆಂಟ್ ಪೆಟ್ಟಿಗೆ "ಹತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕೂಗಿತು. ಅಜ್ಜ ಬಾಯ್ತುಂಬ ನಕ್ಕ, ನಾನು ಒತ್ತಿದೆ. ಆ ಪೆಟ್ಟಿಗೆ ಬಂದ್ ಮಾಡಬೇಕು ಅಂತಿದ್ದವನು ಈಗ ಸುಮ್ಮನಿದ್ದೇನೆ.

ಪ್ರಿಂಟಿನದು ಇನ್ನೊಂದು ಗೋಳು. ಹಿಂದಿನ ಸಲ ಲ್ಯಾಬಿನವರು ಕೇಳದೇ ಎಲ್ಲರನ್ನೂ ಬೆಳ್ಳಗೆ ಮಾಡಿ ಕೊಟ್ಟಿದ್ದರು. ಎಪ್ಪತ್ತು ವರ್ಷ ಹೊಲದ ಬಿಸಿಲು ತಿಂದ ಮುಖ ಪೌಡರ್ ಜಾಹೀರಾತಿನ ಹಾಗೆ. ಈ ಸಲ ಪ್ರತಿ ಫೋಲ್ಡರಿನ ಹೆಸರೇ 'ಬಣ್ಣ ಮುಟ್ಟಬೇಡಿ'. ಆದರೂ ನಂಬಿಕೆ ಇಲ್ಲ, ಮೊದಲು ಎರಡು ಪ್ರಿಂಟ್ ಮಾತ್ರ ಹಾಕಿಸುತ್ತೇನೆ.

ಲ್ಯಾಬಿನ ಸಿಟ್ಟಿಗೇ ಮುಂದಿನ ಹುಚ್ಚು ತಲೆಗೇರಿದೆ: ಸಯನೋಟೈಪ್. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಬೆರೆಸಿ ಬಳಿ, ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿ, ನೀರಲ್ಲಿ ತೊಳೆ. ಬಿಸಿಲಿಗೆ ಧಾರವಾಡದಲ್ಲಿ ಏಪ್ರಿಲ್‌ನಲ್ಲಿ ಬರವಿಲ್ಲ. ಕಾಗದದ ಬದಲು ಉಳಿದ ಬೆಂಗೇರಿ ಖಾದಿಯ ಮೇಲೇ ಬಳಿದರೆ ಹೇಗೆ? ಬಣ್ಣ ಹಾಕದ ಎರಡು ಮೀಟರ್ ಇದೆ. ಚಿತ್ರ ಪೂರಾ ನೀಲಿ ಬರುತ್ತದೆ ಅನ್ನುವುದೊಂದೇ ತೊಡಕು. ಕಾಕಾನಿಗೆ ಹೇಳಿದರೆ "ಕೈಗೊಂದು ಕೊಳಲ ಕೊಡ್ರಿ, ಕೃಷ್ಣ ಪರಮಾತ್ಮ ಆಗ್ತೀನಿ" ಅಂದ. ಮೊದಲ ಬಲಿ ಅವನೇ.

ಅದಕ್ಕೂ ಮೊದಲು ಒಂದು ಕೆಲಸ ಬಿದ್ದಿದೆ. ಮಾಳಮಡ್ಡಿಯ ಹಾಲಿನ ಅಜ್ಜಂದಿರು 11 ಮಂದಿ, ಅವರನ್ನು ಮತ್ತೆ ಕೂಡಿಸಬೇಕು. ಅದಕ್ಕೆ ಕಂಬಳಿ ಬೇಕು, ಕಂಬಳಿ ಇಲ್ಲ. ನಿನ್ನೆ ಸಂಜೆ ನಾನು ಕೇಬಲ್ ಸುತ್ತುತ್ತಿದ್ದಾಗ ವೃದ್ಧಾಶ್ರಮದ ಹುಡುಗರು ಜನ ತಂದುಕೊಟ್ಟಿದ್ದ ಹಳೆ ಬಟ್ಟೆಗಳನ್ನು ಒಯ್ಯಲು ಬಂದಿದ್ದರು, ಕುರ್ಚಿಯ ಮೇಲೆ ಮಡಚಿಟ್ಟಿದ್ದ ಕಂಬಳಿಯನ್ನೂ ಗಂಟಿಗೆ ಸೇರಿಸಿಕೊಂಡು ಹೋಗಿದ್ದಾರೆ. ಮುಂಜಾನೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ, "ಸರ್, ಕಂಬಳಿ ಭಾಳ ಚಲೋ ಐತ್ರಿ, ಮೂಲಿ ಖಾಟಿನ ಅಜ್ಜಾರಿಗೆ ಹೊಚ್ಚೀವ್ರಿ" ಅಂದರು. ಹೌದ್ರೀ ಅಂದೆ, ಫೋನ್ ಇಟ್ಟೆ.

ರವಿವಾರ ಮೆಡ್ಲೇರಿಗೆ ಹೊರಟಿದ್ದೇನೆ. ಮಾವನವರ ಕಂಬಳಿ ಅಟ್ಟದ ಮೇಲೇ ಇದೆ ಅಂತ ಹೆಂಡತಿ ತಿಳಿದಿದ್ದಾಳೆ. ಅವಳು ಇದನ್ನು ಓದುವುದರೊಳಗೆ ಅಂಥದ್ದೇ ಇನ್ನೊಂದು ಸಿಕ್ಕಬೇಕು.