ಸ್ಪಿಶ್‌ಗೆ ಹೋಗುವವರು 1910ರ ಜನಗಣತಿ ನೋಡಿಕೊಂಡು ಹೋಗಿ

ಸ್ಲೊವಾಕಿಯಾದ ಪೋಪ್ರಾದ್ ಊರಲ್ಲಿ ರೈಲು ಇಳಿದ ಹೆಚ್ಚಿನವರು ನೇರವಾಗಿ ತಾತ್ರಾ ಬೆಟ್ಟಗಳಿಗೆ ಹೋಗಿಬಿಡುತ್ತಾರೆ. ಬೆಟ್ಟ ಚೆನ್ನಾಗಿಯೇ ಇದೆ. ಆದರೆ ಅಷ್ಟು ದೂರ ಹೋದ ಮೇಲೆ ಅದರ ಬುಡದ ಊರುಗಳಿಗೂ ಮೂರು ದಿನ ಕೊಡಿ. ಸ್ಲೊವಾಕಿಯಾದಲ್ಲಿ ಈಗ ಸ್ಪಿಶ್ ಅಂತ ಕರೆಯುವ ಈ ಸೀಮೆ ಹಿಂದೆ ಹಂಗೇರಿ ರಾಜ್ಯದ ಸೆಪೆಶ್ ಕೌಂಟಿ, ಅಂದರೆ ಒಂದು ಜಿಲ್ಲೆ ಇದ್ದ ಹಾಗೆ. 1920ರಲ್ಲಿ ಗಡಿ ಬದಲಾದಾಗ ಹೆಚ್ಚಿನ ಭಾಗ ಜೆಕೊಸ್ಲೊವಾಕಿಯಾಕ್ಕೆ, ಉತ್ತರದ ಒಂದು ಚೂರು ಪೋಲೆಂಡಿಗೆ ಹೋಯಿತು.

ಹೊರಡುವ ಮೊದಲು ಫೋನಿನಲ್ಲಿ ಒಂದು ಲೆಕ್ಕ ಬರೆದಿಟ್ಟುಕೊಳ್ಳಿ. 1910ರ ಜನಗಣತಿಯಲ್ಲಿ ಇಲ್ಲಿ 1,72,867 ಜನ ಇದ್ದರು. ಸ್ಲೊವಾಕ್ ಮಾತಾಡುವವರು 97,077, ಜರ್ಮನ್ 38,434, ಹಂಗೇರಿಯನ್ 18,658, ರುಸಿನ್ (ಉಕ್ರೇನಿಯನ್‌ಗೆ ಹತ್ತಿರದ ಒಂದು ಭಾಷೆ) 12,327. ಈ ಲೆಕ್ಕ ಮಾತೃಭಾಷೆಯದು. ಹಾಗಾಗಿ ಯಹೂದಿಗಳು ಇದರಲ್ಲಿ ಬೇರೆಯಾಗಿ ಕಾಣುವುದಿಲ್ಲ. ಆದರೆ ಊರೂರಲ್ಲೂ ಇದ್ದರು.

ಉಳಿಯಲು ಲೆವೊಚಾ ಒಳ್ಳೆಯದು. ಕೌಂಟಿಯ ಹಳೆ ಆಡಳಿತ ಕೇಂದ್ರ ಇದೇ. ಪೋಪ್ರಾದ್‌ನಿಂದ ಬಸ್ಸಲ್ಲೇ ಹೋಗಿ. 1241–42ರಲ್ಲಿ ಮಂಗೋಲರು ಊರುಗಳನ್ನು ಹಾಳುಮಾಡಿ ಹೋದ ಮೇಲೆ ಹಂಗೇರಿಯ ರಾಜರು ಜರ್ಮನ್ ವ್ಯಾಪಾರಿಗಳನ್ನೂ ಕುಶಲಕರ್ಮಿಗಳನ್ನೂ ಕರೆಸಿ ನೆಲೆ ಕೊಟ್ಟರು. ಚೌಕದ ಸುತ್ತಲಿನ ಸಾಲುಮನೆಗಳು, ಕೋಟೆಗೋಡೆ ಎಲ್ಲಾ ಆ ದುಡಿಮೆಯ ಫಲ. ಸೇಂಟ್ ಜೇಮ್ಸ್ ಚರ್ಚಿಗೆ ನಿಗದಿತ ಹೊತ್ತಿಗೆ ಗುಂಪಾಗಿ ಒಳಗೆ ಬಿಡುತ್ತಾರೆ, ಟಿಕೆಟ್ ಮೊದಲೇ ತಗೊಳ್ಳಿ. ಒಳಗೆ ಮಾಸ್ಟರ್ ಪಾಲ್ ಕೆತ್ತಿದ 18.6 ಮೀಟರ್ ಎತ್ತರದ ಮರದ ಬಲಿಪೀಠ ಇದೆ. ಎಲ್ಲರೂ ತಲೆ ಎತ್ತಿ ತುದಿ ನೋಡುತ್ತಾರೆ. ನೀವು ಕೆಳಗೆ ನೋಡಿ. ಕೊನೆಯ ಭೋಜನದ ದೃಶ್ಯದಲ್ಲಿ ಶಿಷ್ಯ ಜಾನ್ ಯೇಸುವಿನ ಮಡಿಲಲ್ಲಿ ನಿದ್ದೆ ಹೋಗಿದ್ದಾನೆ. ಸುತ್ತ ಕೂತವರ ಒಂದೊಂದು ಮುಖವೂ ಬೇರೆ. ಆ ಕಾಲದ ಲೆವೊಚಾದ ಜನರನ್ನೇ ನೋಡಿದ ಹಾಗೆ ಅನ್ನಿಸಿತು ನನಗೆ.

ಸ್ಪಿಶ್ ಕೋಟೆ ಅಲ್ಲಿಂದ ಸುಮಾರು 15 ಕಿಲೋಮೀಟರ್. 1780ರಲ್ಲಿ ಬೆಂಕಿಗೆ ಸಿಕ್ಕಿ ಪಾಳುಬಿತ್ತು, 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಗುಡ್ಡದ ಮೇಲೆ ನೆರಳು ಕಡಿಮೆ, ಬೆಳಿಗ್ಗೆಯೇ ಹತ್ತಿ. ಚಳಿಗಾಲದಲ್ಲಾದರೆ ತೆರೆದಿದೆಯಾ ಅಂತ ವಿಚಾರಿಸಿಯೇ ಹೊರಡಿ.

ನನ್ನ ಮನಸ್ಸಿಗೆ ಜಾಸ್ತಿ ಹಿಡಿಸಿದ್ದು ಕೆಜ್ಮರೊಕ್. ಅಲ್ಲಿನ ಲೂಥರನ್ನರಿಗೆ, ಅಂದರೆ ಪ್ರೊಟೆಸ್ಟಂಟ್ ಕ್ರೈಸ್ತರಿಗೆ, ಊರಗೋಡೆಯ ಆಚೆ ಮಾತ್ರ ಚರ್ಚು ಕಟ್ಟಲು ಅನುಮತಿ ಇತ್ತು. 1717ರಲ್ಲಿ ಅವರು ಕಟ್ಟಿದ ಮರದ ಚರ್ಚು ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಹೋದರೆ ಚಾವಣಿ ತುಂಬಾ ಮೋಡದ ಚಿತ್ರ, ಸುತ್ತ ಮರದ ಮಹಡಿಗಳು. ಪಕ್ಕದ ಹೊಸ ಚರ್ಚಿನಲ್ಲಿ ಆಗ ಹಂಗೇರಿಯನ್ನು ಆಳುತ್ತಿದ್ದ ಹಾಬ್ಸ್‌ಬರ್ಗ್ ವಂಶದ ಚಕ್ರವರ್ತಿಯ ವಿರುದ್ಧ ದಂಗೆ ಎದ್ದ ಇಮ್ರೆ ತೊಕೊಲಿಯ ಸಮಾಧಿ ಇದೆ. ಅವನು ತೀರಿಕೊಂಡಿದ್ದು 1705ರಲ್ಲಿ, ತುರ್ಕಿಯಲ್ಲಿ. ಅಸ್ಥಿ ಊರಿಗೆ ಬಂದಿದ್ದು 1906ರಲ್ಲಿ.

ಈ ಚರ್ಚುಗಳನ್ನು ಕಟ್ಟಿದ ಜರ್ಮನ್ ಭಾಷಿಕರು ಈಗ ಇಲ್ಲಿ ಬೆರಳೆಣಿಕೆಯಷ್ಟೇ. ಎರಡನೇ ಮಹಾಯುದ್ಧದ ಕೊನೆಗೆ ಕೆಲವರನ್ನು ಸ್ಥಳಾಂತರಿಸಿದರು, ಉಳಿದ ಹೆಚ್ಚಿನವರನ್ನು ಯುದ್ಧ ಮುಗಿದ ಮೇಲೆ ಹೊರಹಾಕಿದರು. ಯಹೂದಿಗಳ ಕಥೆ ಇನ್ನೂ ಘೋರ. 1942ರ ಮಾರ್ಚ್ 25ರಂದು ಸುಮಾರು ಒಂದು ಸಾವಿರ ಯಹೂದಿ ಯುವತಿಯರನ್ನು ತುಂಬಿಕೊಂಡು ನಾಜಿಗಳ ಆಶ್‌ವಿಟ್ಸ್ ಸಾವಿನ ಶಿಬಿರಕ್ಕೆ ರೈಲು ಹೊರಟಿದ್ದು ಪೋಪ್ರಾದ್ ಸ್ಟೇಷನ್‌ನಿಂದಲೇ. ಅಲ್ಲಿ ಸ್ಮರಣೆಯ ಫಲಕ ಇದೆ. ಅವಸರದಲ್ಲಿದ್ದರೂ ಒಂದು ನಿಮಿಷ ನಿಂತು ಓದಿ.

ಊಟದ ಬಗ್ಗೆ ಎರಡು ಮಾತು. ಸಸ್ಯಾಹಾರಿಗಳು ಹಾಲುಶ್ಕಿ (ಆಲೂಗಡ್ಡೆ ಹಿಟ್ಟಿನ ಬೇಯಿಸಿದ ಸಣ್ಣ ಉಂಡೆಗಳು) ಕೇಳುವಾಗ ಹಂದಿಮಾಂಸದ ಚೂರು ಹಾಕಬೇಡಿ ಅಂತ ಮೊದಲೇ ಹೇಳಬೇಕು. ಕರಿದ ಚೀಸ್ ಸುಲಭವಾಗಿ ಸಿಗುತ್ತದೆ.

ಕೊನೆಯ ದಿನ ಸ್ತಾರಾ ಲ್ಯುಬೊವ್ನ್ಯಾಗೆ ಇಡಿ. ಕೆಜ್ಮರೊಕ್‌ನಿಂದ ರೈಲಿದೆ. 1412ರಲ್ಲಿ ಹಂಗೇರಿಯ ರಾಜ ಸಿಗಿಸ್ಮಂಡ್ ದುಡ್ಡಿನ ಅಡಚಣೆಗೆ ಈ ಭಾಗದ ಹದಿನಾರು ಊರುಗಳನ್ನು ಪೋಲೆಂಡಿನ ರಾಜನಿಗೆ ಅಡ ಇಟ್ಟ. ಸಾಲ ತೀರಲೇ ಇಲ್ಲ. ಸುಮಾರು 360 ವರ್ಷ ಪೋಲೆಂಡಿನ ಅಧಿಕಾರಿಗಳು ಇಲ್ಲಿನ ಕೋಟೆಯಲ್ಲಿ ಕೂತು ಆ ಊರುಗಳನ್ನು ಆಳಿದರು. ಕೋಟೆಯ ಕೆಳಗೆ ಹಳೆ ಮರದ ಮನೆಗಳ ಬಯಲು ಮ್ಯೂಸಿಯಂ ಇದೆ. ಆ 12,327 ರುಸಿನ್ನರು ಎಂಥ ಮನೆಗಳಲ್ಲಿ ಬಾಳಿದರು, ಎಂಥ ಚರ್ಚಿನಲ್ಲಿ ಪ್ರಾರ್ಥನೆ ಮಾಡಿದರು ಅಂತ ನೋಡಬೇಕಿದ್ದರೆ ಅಲ್ಲಿಗೇ ಹೋಗಬೇಕು. ಕೋಟೆ, ಮ್ಯೂಸಿಯಂ ಎರಡನ್ನೂ ಒಂದೇ ದಿನ ನೋಡಬಹುದು. ಸಂಜೆಯ ವಾಪಸ್ ರೈಲಿನ ಸಮಯ ಮಾತ್ರ ಬೆಳಿಗ್ಗೆ ಸ್ಟೇಷನ್‌ನಲ್ಲೇ ನೋಡಿಟ್ಟುಕೊಳ್ಳಿ.