ಹೊಟ್ಟೆಯಲ್ಲಿ ನೀರಿನ ಗಡ್ಡೆ: ಹೆಸರು ಆಮೇಲೆ, ಮೊದಲು ಅದರ ಬೇರು ಹುಡುಕಿ

ರಾಯಚೂರಿನಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ದಿನವಿಡೀ ಜಾಸ್ತಿ ಬರುವುದು ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್. ಅಪರೂಪಕ್ಕೆ ಹೊಟ್ಟೆ ತುಂಬ ಕಪ್ಪಗೆ ನೀರೇ ಕಾಣುವ ಕೇಸ್ ಬರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬಂದ ಡಾಕ್ಟರುಗಳಿಗೆ ನಾನು ಹೇಳುವುದಿಷ್ಟೇ: ನೀರು ಕಂಡ ಕೂಡಲೇ ಹೆಸರು ಕೊಡಬೇಡಿ. ಆ ನೀರು ಚೀಲದೊಳಗಿದೆಯಾ, ಆ ಚೀಲ ಎಲ್ಲಿಂದ ಹುಟ್ಟಿದೆ ಅಂತ ನೋಡಿ.

ದೇವದುರ್ಗದ ಕಡೆಯಿಂದ ಒಬ್ಬ ಹುಡುಗನನ್ನು ಅಜ್ಜಿ ಕರೆದುಕೊಂಡು ಬಂದಿದ್ದರು. ಹೊಟ್ಟೆ ಉಬ್ಬಿತ್ತು, ಕೈಕಾಲು ಸಣಕಲು. ಚೀಟಿಯಲ್ಲಿ ‘ಹೊಟ್ಟೆಯಲ್ಲಿ ನೀರು, ಟಿಬಿ ಇರಬಹುದು’ ಅಂತ ಬರೆದಿತ್ತು. "ಜಂತಿನ ಔಷಧಿ ಕೊಡಿಸೀವ್ರೀ ಸಾಹೇಬ್ರ, ಹೊಟ್ಟಿ ಮಾತ್ರ ಇಳಿವಲ್ದು" ಅಂದರು ಅಜ್ಜಿ. ಪ್ರೋಬ್ (ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನ್ ಉಪಕರಣ) ಇಟ್ಟರೆ ನೀರು ಕಂಡಿತು, ನಿಜ. ಆದರೆ ಹುಡುಗನನ್ನು ಎಡಕ್ಕೆ ಹೊರಳಿಸಿದರೂ ನೀರು ಎಡಕ್ಕೆ ಹರಿಯಲಿಲ್ಲ. ಹೊಟ್ಟೆಯಲ್ಲಿ ಬಿಡಿಯಾಗಿ ನಿಂತ ನೀರಾದರೆ ಮಗ್ಗುಲು ಬದಲಿಸಿದಂತೆ ಜಾಗ ಬದಲಿಸುತ್ತದೆ, ಕರುಳು ಅದರಲ್ಲಿ ತೇಲುತ್ತದೆ. ಇಲ್ಲಿ ಕರುಳೆಲ್ಲ ಪಕ್ಕಕ್ಕೆ ತಳ್ಳಿಕೊಂಡು ಕೂತಿತ್ತು. ನೀರಿನ ನಡುವೆ ದಾರದಷ್ಟು ತೆಳುವಾದ ಗೋಡೆಗಳಿದ್ದವು.

ಆಮೇಲೆ ಪ್ರೋಬ್ ಪಕ್ಕಕ್ಕಿಟ್ಟು ಕೈಯಿಂದ ಹೊಟ್ಟೆ ಮುಟ್ಟಿ ನೋಡಿದೆ. ಗಡ್ಡೆ ಎಡಕ್ಕೂ ಬಲಕ್ಕೂ ಸಲೀಸಾಗಿ ಸರಿಯಿತು, ಮೇಲೆ ಕೆಳಗೆ ಹೆಚ್ಚು ಸರಿಯಲಿಲ್ಲ. ಇದಕ್ಕೆ ಟಿಲೋ ಚಿಹ್ನೆ ಅಂತಾರೆ. ಫ್ರಾನ್ಸಿನ ಸರ್ಜನ್ ಟಿಲೋ 1880ರಲ್ಲಿ ಇಂಥ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದವರು. ಕರುಳನ್ನು ಬೆನ್ನಿನ ಗೋಡೆಗೆ ಹಿಡಿದಿಡುವ ಪೊರೆ, ಅಂದರೆ ಮೆಸೆಂಟರಿ, ಸೀರೆ ನಿರಿಗೆಯ ಹಾಗಿದೆ: ಸಿಕ್ಕಿಸಿದ ಜಾಗ ಸುಮಾರು 15 ಸೆಂಟಿಮೀಟರ್, ಕೆಳಗೆ ಹರಡಿಕೊಳ್ಳುವುದು ಮೀಟರುಗಟ್ಟಲೆ. ಆ ಬುಡ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಅದರಲ್ಲಿ ಬೆಳೆದ ಗಡ್ಡೆ ಬುಡಕ್ಕೆ ಅಡ್ಡಲಾಗಿ ಮಾತ್ರ ಚೆನ್ನಾಗಿ ಓಲಾಡುತ್ತದೆ.

ಸಿಟಿ ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ಒಳಗೆ ಹಾಲಿನಂಥ ದ್ರವ. ಬಯಾಪ್ಸಿಯಲ್ಲಿ ಲಿಂಫ್ಯಾಂಜಿಯೋಮ ಅಂತ ಬಂತು. ಹುಟ್ಟುವ ಮೊದಲೇ ದುಗ್ಧರಸದ (ಲಿಂಫ್) ನಾಳಗಳು ಸರಿಯಾಗಿ ಜೋಡಣೆಯಾಗದೆ ಉಳಿದು ಹೀಗೆ ಚೀಲವಾಗುತ್ತವೆ ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಕ್ಯಾನ್ಸರ್ ಅಲ್ಲ. ಆದರೆ ಬರೀ ನೀರು ಎಳೆದು ಕಳಿಸಿದ್ದರೆ ಮತ್ತೆ ತುಂಬಿಕೊಳ್ಳುತ್ತಿತ್ತು. ಟಿಬಿ ಮಾತ್ರೆ ತಿಂಗಳುಗಟ್ಟಲೆ ನುಂಗಿಸಿದ್ದರೂ ಆ ಹೊಟ್ಟೆ ಇಳಿಯುತ್ತಿರಲಿಲ್ಲ ಅಲ್ವಾ? ಮಕ್ಕಳ ವಿಷಯದಲ್ಲಿ ಈ ತಡ ನನಗೆ ನಿಜವಾಗಿಯೂ ಸಂಕಟ ತರುತ್ತದೆ.

ಮೆಸೆಂಟರಿಯ ಗಡ್ಡೆ ಎಷ್ಟು ಅಪರೂಪ ಅಂದರೆ, ಆಸ್ಪತ್ರೆಗೆ ದಾಖಲಾಗುವ ದೊಡ್ಡವರಲ್ಲಿ ಸುಮಾರು 1,00,000ಕ್ಕೆ ಒಬ್ಬರು, ಮಕ್ಕಳಲ್ಲಿ 20,000ಕ್ಕೆ ಒಬ್ಬರು ಅನ್ನುವ ಲೆಕ್ಕವಿದೆ. ಹಾಗಂತ ಹೊಟ್ಟೆಯ ಚೀಲಗಳೆಲ್ಲ ಮೆಸೆಂಟರಿಯವೇ ಅಲ್ಲ. ಕರುಳೇ ಜೋಡಿಯಾಗಿ ಬೆಳೆದು ಆದ ಚೀಲಕ್ಕೆ ಕರುಳಿನಂತೆಯೇ ಪದರಗಳಿರುತ್ತವೆ: ಒಳಗೆ ಬೆಳ್ಳಗಿನ ಗೆರೆ, ಹೊರಗೆ ಕಪ್ಪು ಗೆರೆ. ಹೆಂಗಸರಲ್ಲಿ ಅಂಡಾಶಯ ಎರಡನ್ನೂ ಬೇರೆಬೇರೆಯಾಗಿ ಹುಡುಕದೆ ಪ್ರೋಬ್ ತೆಗೆಯಬಾರದು. ಮೇಲ್ಹೊಟ್ಟೆಯಲ್ಲಿದ್ದರೆ ಮೇದೋಜೀರಕ ಗ್ರಂಥಿ ನೋಡಿ, ಹಿಂದೆ ತೀವ್ರ ಹೊಟ್ಟೆನೋವು ಬಂದಿತ್ತಾ, ಕುಡಿಯುವ ಅಭ್ಯಾಸ ಇದೆಯಾ ಅಂತ ಕೇಳಿ. ಆ ಗ್ರಂಥಿ ಊದಿಕೊಂಡ ಮೇಲೆ ಕಟ್ಟುವ ನೀರಿನ ಚೀಲವೇ ಒಂದು. ನಡುವಯಸ್ಸಿನ ಹೆಂಗಸರಲ್ಲಿ ಅದರ ಬಾಲದ ಕಡೆ ಬೆಳೆಯುವ ಲೋಳೆ ತುಂಬಿದ ಗಡ್ಡೆಯೇ ಇನ್ನೊಂದು. ಎರಡನೆಯದು ಮುಂದೆ ಕ್ಯಾನ್ಸರ್ ಆಗಬಹುದು.

ನಮ್ಮ ಭಾಗದಲ್ಲಿ ಕುರಿ ಜಾಸ್ತಿ, ಹಟ್ಟಿಯ ಜೊತೆ ನಾಯಿಗಳೂ ಜಾಸ್ತಿ. ಅದಕ್ಕೇ ಹೈಡ್ಯಾಟಿಡ್ ಗಡ್ಡೆಯನ್ನು ನಾನು ಎಂದೂ ಮರೆಯುವುದಿಲ್ಲ. ಇದು ಟ್ಯೂಮರ್ ಅಲ್ಲ, ಹುಳದ ಮರಿಯ ಚೀಲ. ಕುರಿ ಕೊಯ್ದಾಗ ಬಿಸಾಡಿದ ಹಸಿ ಈಲಿ (ಲಿವರ್), ಪುಪ್ಪುಸ ತಿಂದ ನಾಯಿಯ ಕರುಳಿನಲ್ಲಿ ಹುಳ ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಮಣ್ಣು, ಕೈ, ಸೊಪ್ಪಿನ ಮೂಲಕ ನಮ್ಮ ಹೊಟ್ಟೆ ಸೇರುತ್ತದೆ. ಗಡ್ಡೆ ಹೆಚ್ಚಾಗಿ ಈಲಿಯಲ್ಲಿ ಆಗುತ್ತದೆ, ಕೆಲವೊಮ್ಮೆ ಹೊಟ್ಟೆಯ ಬೇರೆ ಕಡೆಯೂ. ದೊಡ್ಡ ಚೀಲದೊಳಗೆ ಮರಿ ಚೀಲಗಳು, ಕಳಚಿ ತೇಲುವ ಪೊರೆ ಕಂಡರೆ ಅನುಮಾನ ಗಟ್ಟಿ. ಇದು ಗೊತ್ತಾಗದೆ ಸುಮ್ನೆ ಸೂಜಿ ಹಾಕಿದರೆ ದ್ರವ ಸೋರಿ ಜೀವಕ್ಕೇ ಕುತ್ತಾಗುವ ಅಲರ್ಜಿ ಬರಬಹುದು, ಹುಳ ಹೊಟ್ಟೆ ತುಂಬ ಹರಡಬಹುದು. ಪಳಗಿದವರು ಅಲ್ಬೆಂಡಜೋಲ್ ಅನ್ನುವ ಹುಳದ ಔಷಧಿ ಕೊಟ್ಟು, ಎಚ್ಚರಿಕೆ ತೆಗೆದುಕೊಂಡು ಸೂಜಿ ಹಾಕುವ ವಿಧಾನ ಇದೆ. ಅದನ್ನು ಓಪಿಡಿ ಮೇಜಿನ ಮೇಲೆ ಮಾಡುವುದಲ್ಲ. ಕುರಿ, ನಾಯಿ ಸಾಕಿದ್ದೀರಾ ಅಂತ ಪ್ರತಿ ಸಲ ಕೇಳುತ್ತೇನೆ.

ಆಪರೇಷನ್ ಮುಗಿದ ಮೇಲೆ ಮನೆಯವರು ಕೇಳುವುದುಂಟು: "ಗಡ್ಡಿ ತಗದಾತಲ್ರೀ, ಮತ್ಯಾಕ ಟೆಸ್ಟು?" ರೊಕ್ಕದ ಚಿಂತೆ ಅದು, ಅರ್ಥವಾಗುತ್ತದೆ. ಕೂರಿಸಿಕೊಂಡು ವಿವರಿಸುತ್ತೇನೆ. ಸ್ಕ್ಯಾನಿನಲ್ಲಿ ಒಂದೇ ಥರ ಕಾಣುವ ಎರಡು ಚೀಲಗಳ ಒಳಪದರದಲ್ಲಿ ಬೇರೆಬೇರೆ ಜೀವಕೋಶಗಳಿರಬಹುದು. ಅದನ್ನು ಹೇಳುವವರು ಮೈಕ್ರೋಸ್ಕೋಪ್ ನೋಡುವ ಪೆಥಾಲಜಿ ಡಾಕ್ಟರು. ಮುಂದೆ ವರ್ಷಕ್ಕೊಮ್ಮೆ ಸ್ಕ್ಯಾನ್ ಸಾಕೋ, ಮೂರು ತಿಂಗಳಿಗೊಮ್ಮೆ ಬೇಕೋ ಅನ್ನುವುದು ಅವರ ರಿಪೋರ್ಟಿನ ಮೇಲೆಯೇ ನಿಂತಿದೆ.